ಸಂದಕ್‌ಫುನಲ್ಲಿ ಚಳಿಗಾಲದ ಒಂದು ರಾತ್ರಿ: ರೂಮ್ ಬುಕ್ ಮಾಡೋ ಮೊದಲು



ಡಿಸೆಂಬರ್ ಬಂತು ಅಂದ್ರೆ ನಮ್ಮ ಆಫೀಸುಗಳಲ್ಲಿ ಎರಡು ವಿಷಯ ಒಟ್ಟಿಗೆ ಶುರುವಾಗುತ್ತೆ. ಕ್ಲೈಂಟ್ ಕಡೆಯಿಂದ ಚೇಂಜ್ ಫ್ರೀಜ್, ನಮ್ಮ ಕಡೆಯಿಂದ ರಜೆ ಲೆಕ್ಕ. ಇನ್ನೂ ಐದಾರು ದಿನ ಉಳಿದಿದೆ, ತಗೊಳ್ಳದಿದ್ರೆ ಲ್ಯಾಪ್ಸ್ ಆಗುತ್ತೆ. ಆಗ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದ್ರೂ ಒಂದು ಫೋಟೋ ಹಾಕ್ತಾರೆ. ಬಿಳಿ ಹಿಮ, ಅದರ ಮಧ್ಯ ಒಂದು ಹಸಿರು ತಗಡಿನ ಮನೆ, ಹಿಂದೆ ಕಾಂಚನಜುಂಗಾ. ಕೆಳಗೆ ಒಂದೇ ಸಾಲು: "ಹೋಗೋಣ್ವಾ ಗುರೂ?" ಹತ್ತು ನಿಮಿಷದಲ್ಲಿ ಎಂಟು ಹೆಬ್ಬೆರಳು ಮೇಲೆ.

ಇವತ್ತು ನಾನು ಮಾತಾಡೋದು ಆ ಹೆಬ್ಬೆರಳಿಗೂ ಆ ತಗಡಿನ ಮನೆಗೂ ನಡುವೆ ಏನೇನು ಯೋಚನೆ ಮಾಡಬೇಕು ಅನ್ನೋದರ ಬಗ್ಗೆ. ಜಾಗ ಸಂದಕ್‌ಫು. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೀನಿ, ಎರಡೂ ಸಲ ಚಳಿಗಾಲದಲ್ಲೇ, ಹೈದರಾಬಾದಿನಿಂದ.

ಗೊತ್ತಿಲ್ಲದವರಿಗೆ ಜಾಗದ ಪರಿಚಯ ಮಾಡಿಕೊಡ್ತೀನಿ. ಸಂದಕ್‌ಫು ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಡಾರ್ಜಿಲಿಂಗ್ ಜಿಲ್ಲೆ, ಸಿಂಗಲೀಲಾ ಬೆಟ್ಟಸಾಲು, ನೇಪಾಳದ ಗಡಿ ಮೇಲೇ ಇದೆ. ಆಕಾಶ ತಿಳಿಯಾಗಿದ್ರೆ ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು ನಾಲ್ಕೂ ಕಾಣುತ್ತೆ. ಪ್ರಪಂಚದ ಅತಿ ಎತ್ತರದ ಐದು ಶಿಖರಗಳಲ್ಲಿ ನಾಲ್ಕು, ಒಂದೇ ಕಡೆ ನಿಂತು ನೋಡಬಹುದು. ಬಾಗ್‌ಡೋಗ್ರಾಕ್ಕೆ ವಿಮಾನ, ಇಲ್ಲ ನ್ಯೂ ಜಲ್ಪಾಯ್‌ಗುರಿಗೆ ರೈಲು, ಅಲ್ಲಿಂದ ಜೀಪಿನಲ್ಲಿ ಮಾನೇಭಂಜಂಗ್ ಅನ್ನೋ ಸಣ್ಣ ಊರು. ಮಾನೇಭಂಜಂಗ್‌ನಿಂದ ಸಂದಕ್‌ಫುಗೆ ಸುಮಾರು 31 ಕಿಲೋಮೀಟರ್. ದಾರಿಯಲ್ಲಿ ತುಮ್ಲಿಂಗ್, ಗೈರಿಬಾಸ್, ಕಾಲಿಪೋಖ್ರಿ ಅಂತ ಊರುಗಳು. ಊರು ಅಂದ್ರೆ ನಾಲ್ಕಾರು ಮನೆ. ಅಲ್ಲೆಲ್ಲ ಉಳ್ಕೊಳ್ಳೋಕೆ ಟ್ರೆಕರ್ಸ್ ಹಟ್ ಅಥವಾ ಸಣ್ಣ ಲಾಡ್ಜ್ ಸಿಗುತ್ತೆ. ಟೆಂಟ್ ಹೊರೋ ಹಾಗಿಲ್ಲ, ಅಡುಗೆ ಸಾಮಾನು ಹೊರೋ ಹಾಗಿಲ್ಲ. ನಮ್ಮಂಥ ಕೀಬೋರ್ಡ್ ಜನಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಆ ಅನುಕೂಲದಲ್ಲೇ ಒಂದು ತೊಂದರೆ ಇದೆ.

ಟೆಂಟ್ ಹಾಕೋ ಟ್ರೆಕ್ ಅಂದ್ರೆ ಜನ ಹೆದರ್ತಾರೆ. ಸ್ಲೀಪಿಂಗ್ ಬ್ಯಾಗ್ ಯಾವುದು, ಎಷ್ಟು ಡಿಗ್ರಿಗೆ ಆಗುತ್ತೆ, ಊಟ ಏನು, ಎಲ್ಲ ಕೇಳ್ತಾರೆ. "ಅಲ್ಲಿ ರೂಮ್ ಇದೆ" ಅಂದ ಕೂಡಲೇ ಆ ಪ್ರಶ್ನೆಗಳೆಲ್ಲ ನಿಂತುಹೋಗುತ್ತೆ. ಕುಮಾರಪರ್ವತಕ್ಕೆ ಹೋದಾಗ ಭಟ್ಟರ ಮನೆ ಇತ್ತಲ್ಲ, ಅನ್ನ ಸಾರು ಹಾಕಿದ್ರು, ಹಾಗೇ ಇರುತ್ತೆ ಅಂದ್ಕೋತಾರೆ. ಪ್ಲಾನ್ ಪೂರ್ತಿ ಹಗಲಿನದ್ದು. ಎಷ್ಟು ಕಿಲೋಮೀಟರ್ ನಡಿಬೇಕು, ಎಷ್ಟು ಗಂಟೆಗೆ ಮುಟ್ತೀವಿ, ಎಲ್ಲಿ ಫೋಟೋ. ರಾತ್ರಿ ಅನ್ನೋದು ಪ್ಲಾನಿನಲ್ಲಿ ಒಂದು ಪದ: "ಸ್ಟೇ".

ಚಳಿಗಾಲದಲ್ಲಿ ಕಷ್ಟ ಬರೋದು ಹೆಚ್ಚಾಗಿ ಆ "ಸ್ಟೇ" ಒಳಗೇ. ಅದಕ್ಕೆ ನಾನು ಪ್ಲಾನನ್ನ ರಾತ್ರಿಯಿಂದ ಹಿಂದಕ್ಕೆ ಮಾಡ್ತೀನಿ. ಮೊದಲು ಯಾವ ರಾತ್ರಿ ಯಾವ ಎತ್ತರದಲ್ಲಿ ಮಲಗ್ತೀವಿ ಅಂತ ಬರ್ಕೊಳ್ಳೋದು. ನಡೆಯೋ ದೂರ ಆಮೇಲೆ.

ಎತ್ತರದ ಲೆಕ್ಕ ನೋಡಿ. ಕರ್ನಾಟಕದಲ್ಲಿ ಅತಿ ಎತ್ತರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮಾನೇಭಂಜಂಗ್ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದೆ. ಅಂದ್ರೆ ನಮ್ಮ ರಾಜ್ಯದ ಅತಿ ಎತ್ತರದ ಜಾಗ ಎಲ್ಲಿ ಮುಗಿಯುತ್ತೋ ಅಲ್ಲಿಂದ ಈ ದಾರಿ ಶುರು. ಅದರ ಮೇಲೆ ಇನ್ನೂ 1,700 ಮೀಟರ್ ಹತ್ತಬೇಕು. ಸಂದಕ್‌ಫುನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 65 ಮಾತ್ರ. ನೀರು 88 ಡಿಗ್ರಿ ಆಸುಪಾಸಿಗೇ ಕುದ್ದುಬಿಡುತ್ತೆ, ಕುಕ್ಕರ್ ಇಲ್ಲದೆ ಅನ್ನ ಬೇಯೋದು ಕಷ್ಟ. ನಾವು ಉಸಿರಾಡೋದೂ ಅದೇ ತೆಳು ಗಾಳೀನೇ.

ಇದಕ್ಕೆ ವೈದ್ಯರು ಹೇಳೋ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗೋ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು. ಹಗಲಲ್ಲಿ ಎಷ್ಟು ಹತ್ತಿದ್ರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದ್ರಿ ಅನ್ನೋದು ಇಲ್ಲಿ ಮುಖ್ಯ.

ಈಗ ಚೆನ್ನೈನಲ್ಲಿರೋ ಒಬ್ಬರನ್ನ ತಗೊಳ್ಳಿ. ಶುಕ್ರವಾರ ರಾತ್ರಿ ಸಮುದ್ರಮಟ್ಟದಲ್ಲಿ ಮಲಗಿದ್ದಾರೆ. ಶನಿವಾರ ಬೆಳಿಗ್ಗೆ ವಿಮಾನ, ಸಂಜೆ ಮಾನೇಭಂಜಂಗ್. ಭಾನುವಾರ ಲ್ಯಾಂಡ್ ರೋವರ್ ಹತ್ತಿ ಸಂದಕ್‌ಫು. ಹೌದು, ಲ್ಯಾಂಡ್ ರೋವರ್ ಇದೆ, 1950ರ ದಶಕದ ಗಾಡಿಗಳು ಇನ್ನೂ ಆ ದಾರಿಯಲ್ಲಿ ಓಡಾಡ್ತಾವೆ, ಈಗ ಬೊಲೆರೋಗಳೂ ಬಂದಿವೆ. ಗಾಡಿ ಇರೋದು ಪುಣ್ಯ, ಅದರ ಬಗ್ಗೆ ಆಮೇಲೆ ಹೇಳ್ತೀನಿ. ಆದ್ರೆ ಎರಡು ದಿನದಲ್ಲಿ ಸೊನ್ನೆಯಿಂದ 3,636ಕ್ಕೆ ಹೋಗಿ ಅಲ್ಲೇ ಮಲಗೋದು ಅಂದ್ರೆ ದೇಹದ ಜೊತೆ ಜೂಜು. ಜಿಮ್ಮಿಗೆ ಹೋಗ್ತೀನಿ, ಹಾಫ್ ಮ್ಯಾರಥಾನ್ ಓಡಿದ್ದೀನಿ ಅನ್ನೋದೆಲ್ಲ ಇದಕ್ಕೆ ಲೆಕ್ಕಕ್ಕಿಲ್ಲ. ಯಾರಿಗೆ ತಲೆನೋವು ಬರುತ್ತೆ ಅಂತ ಫಿಟ್‌ನೆಸ್ ನೋಡಿ ಹೇಳೋಕಾಗಲ್ಲ.

ನಾವು ಮಾಡ್ಕೊಂಡ ಪ್ಲಾನ್ ಹೀಗಿತ್ತು. ಮೊದಲ ರಾತ್ರಿ ಮಾನೇಭಂಜಂಗ್. ಎರಡನೇ ರಾತ್ರಿ ತುಮ್ಲಿಂಗ್, ಸುಮಾರು 2,900 ಮೀಟರ್. ಮೂರನೇ ರಾತ್ರಿ ಕಾಲಿಪೋಖ್ರಿ, ಸುಮಾರು 3,100. ನಾಲ್ಕನೇ ರಾತ್ರಿ ಸಂದಕ್‌ಫು. ಕಾಲಿಪೋಖ್ರಿಯಿಂದ ಸಂದಕ್‌ಫುಗೆ ಬರೀ ಆರು ಕಿಲೋಮೀಟರ್. ತುಂಬಾ ಜನ ಕಾಲಿಪೋಖ್ರಿಯಲ್ಲಿ ಚಹಾ ಕುಡಿದು ಮುಂದೆ ಹೋಗಿಬಿಡ್ತಾರೆ, "ಇಷ್ಟು ಹತ್ತಿರ ಬಂದು ಇಲ್ಲಿ ಯಾಕೆ ನಿಲ್ಲಬೇಕು" ಅಂತ. ಆ ಒಂದು ರಾತ್ರಿಗೋಸ್ಕರವೇ ನಿಲ್ಲಬೇಕು. ಅದರ ಮೇಲೆ ಒಂದು ದಿನ ಖಾಲಿ ಇಟ್ಟಿದ್ವಿ, ಬಫರ್. ಪ್ರಾಜೆಕ್ಟ್ ಪ್ಲಾನಿನಲ್ಲಿ ಬಫರ್ ಹಾಕಿದ್ರೆ ಮ್ಯಾನೇಜರ್ ಮೊದಲು ಅದನ್ನೇ ಕತ್ತರಿಸ್ತಾರೆ. ಇಲ್ಲೂ ಹಾಗೇ ಆಯ್ತು. ಗ್ರೂಪಿನಲ್ಲಿ ಇಬ್ಬರು "ಆ ದಿನ ಡಾರ್ಜಿಲಿಂಗ್ ನೋಡೋಣ" ಅಂತ ಹಟ ಹಿಡಿದ್ರು. ಏನೂ ಆಗದಿದ್ರೆ ಡಾರ್ಜಿಲಿಂಗ್, ಏನಾದ್ರೂ ಆದ್ರೆ ಬಫರ್ ಅಂತ ಒಪ್ಪಂದ ಆಯ್ತು.

ಎರಡನೇ ಸಲ ಹೋದಾಗ ಆ ಬಫರ್ ಬೇಕಾಯ್ತು. ಕಾಲಿಪೋಖ್ರಿಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದೀವಿ. ನಮ್ಮ ಹಾಸನದ ಗೆಳೆಯ, ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗ, ತಟ್ಟೆ ಮುಂದಿಟ್ಕೊಂಡು ಸುಮ್ನೆ ಕೂತಿದ್ದ. ಬಿಸಿ ಬಿಸಿ ಅನ್ನ, ದಾಲ್, ಆಲೂ ಪಲ್ಯ, ಮೊಟ್ಟೆ. ಇವನು ಎರಡು ತುತ್ತು ತಿಂದು ತಟ್ಟೆ ಸರಿಸಿದ. "ಯಾಕೋ?" ಅಂದ್ರೆ "ಹಸಿವಿಲ್ಲ ಮಗಾ, ಬಸ್ಸಿನಲ್ಲಿ ಕೂತ ಹಾಗೆ ಆಗ್ತಿದೆ" ಅಂದ. ತಲೆನೋವು ಇದೆಯಾ ಅಂತ ಕೇಳಿದ್ವಿ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ಮಧ್ಯಾಹ್ನದಿಂದ ಇತ್ತು, ಡೋಲೋ ತಗೊಂಡಿದ್ದೀನಿ, ಯಾರಿಗೂ ಹೇಳಿಲ್ಲ.

ಅವನನ್ನ ನಾನು ಬೈಯಲ್ಲ. ಆರು ಜನರ ರಜೆ, ಆರು ಜನರ ಟಿಕೆಟ್. ನನ್ನಿಂದ ಎಲ್ಲರದ್ದೂ ಹಾಳಾಗಬಾರದು ಅಂತ ಯಾರಿಗಾದ್ರೂ ಅನ್ಸುತ್ತೆ. ಅದು ಒಳ್ಳೇತನವೇ. ಆದ್ರೆ ಬೆಟ್ಟದ ಮೇಲೆ ಜೀವಕ್ಕೆ ಕುತ್ತು ತರೋದು ಕೂಡ ಅದೇ ಒಳ್ಳೇತನ. ಎತ್ತರದ ತಲೆನೋವಿಗೆ ಮಾತ್ರೆ ತಗೋಬಾರದು ಅಂತ ಏನಿಲ್ಲ, ತಗೊಳ್ಳಿ. ಹೇಳಿ ತಗೊಳ್ಳಿ. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದೇ ಇರೋದು, ತಲೆ ಸುತ್ತು, ವಿಪರೀತ ಸುಸ್ತು ಸೇರಿದ್ರೆ ಅದು ಎತ್ತರದ ಕಾಯಿಲೆ ಅಂತಲೇ ಹಿಡ್ಕೋಬೇಕು. ಲಕ್ಷಣ ಪೂರ್ತಿ ಹೋಗೋವರೆಗೂ ಮೇಲೆ ಹೋಗೋ ಹಾಗಿಲ್ಲ. ಅಲ್ಲೇ ಇರಬೇಕು, ಜಾಸ್ತಿ ಆದ್ರೆ ಇಳೀಬೇಕು.

ನಮ್ಮ ಗೈಡ್ ದಾಜು ಅವನನ್ನ ಅಂಗಳದಲ್ಲಿ ಒಂದು ಗೆರೆ ಮೇಲೆ ನಡೆಸಿದ್ರು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ, ಹತ್ತು ಹೆಜ್ಜೆ. ಸರಿಯಾಗಿ ನಡೆದ. ತಡವರಿಸಿದ್ರೆ, ಅಥವಾ ಮಾತು ಅಸಂಬದ್ಧ ಆದ್ರೆ, ಅಥವಾ ಸುಮ್ನೆ ಕೂತಾಗಲೂ ಏದುಸಿರು ಬಂದು ಕೆಮ್ಮು ಶುರುವಾದ್ರೆ, ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಆ ರಾತ್ರಿಯೇ ಕೆಳಗೆ ಇಳಿಸಬೇಕು. ಮೆದುಳು ಅಥವಾ ಶ್ವಾಸಕೋಶದಲ್ಲಿ ನೀರು ತುಂಬೋಕೆ ಶುರುವಾಗಿದೆ ಅಂತ ಅದರ ಅರ್ಥ. ಗಾಡಿ ಇರೋದು ಪುಣ್ಯ ಅಂದೆನಲ್ಲ, ಇದಕ್ಕೇ. ಆದ್ರೆ ರಸ್ತೆ ಮೇಲೆ ಹಿಮ ಗಟ್ಟಿಯಾಗಿದ್ರೆ ಆ ಗಾಡಿಯೂ ಬರಲ್ಲ. ಅದಕ್ಕೆ ನಾನು ಪ್ರತಿ ಹಟ್ಟಿನಲ್ಲೂ ಸಂಜೆ ಮುಟ್ಟಿದ ತಕ್ಷಣ ಕೇಳೋ ಮೊದಲ ಪ್ರಶ್ನೆ: "ಇವತ್ತು ಇಲ್ಲಿ ಗಾಡಿ ನಿಂತಿದೆಯಾ? ರಾತ್ರಿ ಬೇಕಾದ್ರೆ ಇಳಿಯುತ್ತಾ?" ಬಿಸಿನೀರು, ಚಾರ್ಜಿಂಗ್ ಎಲ್ಲ ಆಮೇಲೆ.

ಮಾರನೇ ದಿನ ನಾವು ಮೇಲೆ ಹೋಗಲಿಲ್ಲ. ಬೆಳಿಗ್ಗೆಯೂ ಅವನಿಗೆ ವಾಂತಿ ಆಯ್ತು. ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು, ಅದು ಹೊಟ್ಟೆ ಉರಿಸೋ ಸಂಗತಿ. "ನೀವೆಲ್ಲ ಹೋಗಿ ಬನ್ನಿ, ನಾನು ಮಲಗಿರ್ತೀನಿ" ಅಂದ. ಇಲ್ಲೇ ಗುಂಪು ಒಡೆಯೋದು. ಗೈಡ್ ಒಬ್ಬರೇ. ಅವರು ಮೇಲೆ ಹೋದ್ರೆ ಇವನ ಹತ್ರ ದಾರಿ ಗೊತ್ತಿರೋರು ಇಲ್ಲ, ಇಲ್ಲೇ ಉಳಿದ್ರೆ ಮೇಲೆ ಹೋಗೋರಿಗೆ ಇಲ್ಲ. ನಾವು ಹೈದರಾಬಾದ್ ಬಿಡೋ ಮೊದಲೇ ಒಂದು ಮಾತು ಆಡ್ಕೊಂಡಿದ್ವಿ: ನಿಲ್ಲೋಣ ಅಂತ ಒಬ್ಬ ಹೇಳಿದ್ರೂ ಸಾಕು, ಎಲ್ಲರೂ ನಿಲ್ಲೋದು. ಓಟು ಹಾಕೋ ಹಾಗಿಲ್ಲ. ಆ ಮಾತನ್ನ ಆಫೀಸಿನ ಕ್ಯಾಂಟೀನಿನಲ್ಲಿ ಆಡೋದು ಸುಲಭ, 3,100 ಮೀಟರಿನಲ್ಲಿ ಕಾಂಚನಜುಂಗಾ ಎದುರಿಗೆ ಇಟ್ಕೊಂಡು ಆಡೋದು ಕಷ್ಟ. ಅದಕ್ಕೇ ಮೊದಲೇ ಆಡಿ. ನಾವು ದಿನವಿಡೀ ಇಸ್ಪೀಟ್ ಆಡಿದ್ವಿ, ಕೊಳದ ಸುತ್ತ ಅಡ್ಡಾಡಿದ್ವಿ. ಸಂಜೆಗೆ ಅವನೇ "ಏನಾದ್ರೂ ತಿನ್ನೋಕೆ ಕೊಡ್ರೋ" ಅಂದ. ಮರುದಿನ ಆರೂ ಜನ ಸಂದಕ್‌ಫು ಹತ್ತಿದ್ವಿ. ಡಾರ್ಜಿಲಿಂಗ್ ನೋಡೋದು ಇನ್ನೂ ಬಾಕಿ ಇದೆ.

ಡಯಾಮಾಕ್ಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಅದು ದೇಹ ಹೊಂದಿಕೊಳ್ಳೋದನ್ನ ಬೇಗ ಮಾಡಿಸೋ ಔಷಧಿ, ರಾತ್ರಿಗಳ ಲೆಕ್ಕಕ್ಕೆ ಬದಲಿ ಅಲ್ಲ. ನಿಮ್ಮ ಡಾಕ್ಟರನ್ನ ಕೇಳಿಯೇ ತಗೊಳ್ಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದೋರು ಅದನ್ನ ಮೊದಲೇ ಹೇಳಬೇಕು. ಬಿಪಿ, ಹೃದಯ, ಆಸ್ತಮಾ ಇರೋರೂ ಅಷ್ಟೇ.

ಈಗ ನಾನು ತುಂಬಾ ಮುಖ್ಯ ಅಂದ್ಕೊಂಡಿರೋ ವಿಷಯಕ್ಕೆ ಬರ್ತೀನಿ. ಕೆಂಡ.

ಹಟ್ಟಿನ ರೂಮು ಹೇಗಿರುತ್ತೆ ಅಂದ್ರೆ, ಮರದ ಗೋಡೆ, ತಗಡಿನ ಸೂರು, ಸಾಲಾಗಿ ಮಂಚ, ಮಂಚಕ್ಕೆ ಎರಡೆರಡು ರಜಾಯಿ. ಹೀಟರ್ ಇರಲ್ಲ. ಹೊರಗೆ ಮೈನಸ್ ಐದು ಅಂದ್ಕೊಳ್ಳಿ, ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸಿದ್ರೆ ಮೈಗೆ ಅದು ಮೈನಸ್ 13ರ ಹಾಗೆ ತಟ್ಟುತ್ತೆ. ಒಳಗೆ ಗಾಳಿ ಇರಲ್ಲ ಅನ್ನೋದೇ ಹಟ್ಟಿನ ದೊಡ್ಡ ಉಪಕಾರ. ಬಕೆಟ್ಟಿನ ನೀರು ಬೆಳಿಗ್ಗೆ ಮೇಲುಗಡೆ ಗಟ್ಟಿಯಾಗಿರುತ್ತೆ. ಇಂಥ ಹೊತ್ತಲ್ಲಿ ಯಾರಾದ್ರೂ ಕರುಣೆಯಿಂದ ಒಂದು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ತಂದು ರೂಮಲ್ಲಿ ಇಟ್ರೆ ಕೈ ಮುಗಿಯೋಣ ಅನ್ಸುತ್ತೆ. ಬಾಗಿಲು ಹಾಕಿ, ಸಂದಿಗೆಲ್ಲ ಟವೆಲ್ ತುರುಕಿ, ಎಲ್ಲರೂ ಸುತ್ತ ಕೂತ್ಕೋತಾರೆ.

ಆ ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಕಾಣ್ತಿಲ್ಲ ಅಂದ್ರೆ ಅದು ಇಲ್ಲ ಅಂತ ಅರ್ಥ ಅಲ್ಲ. ಚೆನ್ನಾಗಿ ಕೆಂಪಗೆ ಉರಿಯೋ, ಹೊಗೆ ಬಿಡದ ಕೆಂಡದಿಂದಲೂ ಬರುತ್ತೆ. ದೆಹಲಿ, ನೋಯ್ಡಾದಲ್ಲಿರೋ ನಮ್ಮವರಿಗೆ ಇದು ಗೊತ್ತು. ಪ್ರತಿ ಚಳಿಗಾಲ ಪೇಪರಿನಲ್ಲಿ ಬರುತ್ತೆ, ಅಂಗೀಠಿ ಇಟ್ಕೊಂಡು ಬಾಗಿಲು ಹಾಕಿ ಮಲಗಿದ ಮನೆಯವರು ಬೆಳಿಗ್ಗೆ ಏಳಲಿಲ್ಲ ಅಂತ. ಮುಂಬೈ, ಚೆನ್ನೈ ಕಡೆಯವರಿಗೆ ಚಳಿಗಾಲವೇ ಇಲ್ಲ, ಹಾಗಾಗಿ ಆ ಸುದ್ದಿ ಓದಿದ್ರೂ ತಲೆಯಲ್ಲಿ ಉಳಿಯಲ್ಲ.

ಬೆಟ್ಟದ ಮೇಲೆ ಇದು ಇನ್ನೂ ಅಪಾಯ ಯಾಕೆ ಅಂದ್ರೆ, ಈ ಗ್ಯಾಸು ಏರಿದಾಗ ಮೊದಲು ಏನಾಗುತ್ತೆ? ತಲೆನೋವು, ವಾಕರಿಕೆ, ತಲೆ ಸುತ್ತು, ಸುಸ್ತು. ಈಗಷ್ಟೇ ಎತ್ತರದ ಕಾಯಿಲೆಗೆ ನಾನು ಹೇಳಿದ ಪಟ್ಟಿಯೇ! ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ತಲೆ ಸಿಡಿಯುತ್ತೆ, ಉಳಿದವರು "ಹೈಟ್ ಅಲ್ವಾ, ಹಾಗೇ, ಬೆಳಿಗ್ಗೆ ಸರಿಹೋಗುತ್ತೆ" ಅಂತ ಮಲಗಿಸ್ತಾರೆ. ಎರಡರಲ್ಲಿ ಯಾವುದು ಅಂತ ಪತ್ತೆ ಮಾಡ್ತಾ ಕೂರಬೇಡಿ. ರೂಮಲ್ಲಿ ಕೆಂಡ ಇದ್ದು ಯಾರಿಗಾದ್ರೂ ತಲೆ ನೋಯ್ತಾ ಇದ್ರೆ ಮೊದಲು ಬಾಗಿಲು ತೆಗೀರಿ, ಎಲ್ಲರನ್ನೂ ಎಬ್ಬಿಸಿ ಹೊರಗೆ ಕರ್ಕೊಂಡು ಬನ್ನಿ, ಕೆಂಡ ಹೊರಗೆ ಹಾಕಿ. ಏಳದೇ ಇರೋರು ಇದ್ರೆ ಎಳ್ಕೊಂಡು ಬನ್ನಿ. ಒಂದೇ ರೂಮಿನಲ್ಲಿ ಇಬ್ಬರು ಮೂವರಿಗೆ ಒಟ್ಟೊಟ್ಟಿಗೆ ಶುರುವಾದ್ರೆ, ಹೊರಗೆ ಬಂದ ಮೇಲೆ ಕಡಿಮೆ ಆಗ್ತಾ ಬಂದ್ರೆ, ಅನುಮಾನ ಕೆಂಡದ ಮೇಲೆ. ಹಾಗಾದ್ರೂ ಡಾಕ್ಟರ್ ಹತ್ರ ಹೋಗೋದು ತಪ್ಪಿಸಬೇಡಿ.

ನಮ್ಮ ಕಟ್ಟುಪಾಡು: ಕೆಂಡ ಅಡುಗೆಮನೆಯಲ್ಲಿ ಕಾಯ್ಸೋದು, ಮಲಗೋ ರೂಮಿಗೆ ಬರೋ ಹಾಗಿಲ್ಲ. ಹಟ್ಟಿನ ಅಡುಗೆಮನೆ ನಿಜಕ್ಕೂ ಒಳ್ಳೇ ಜಾಗ, ಹೊಗೆ ಹೋಗೋಕೆ ದಾರಿ ಇರುತ್ತೆ, ಚಹಾ ಸಿಗುತ್ತೆ, ಮನೆಯವರ ಜೊತೆ ಮಾತು ಆಗುತ್ತೆ. ಅಲ್ಲಿ ಮೈ ಬಿಸಿ ಮಾಡ್ಕೊಂಡು ಬಂದು ನೇರ ರಜಾಯಿ ಒಳಗೆ. ಬ್ಯಾಟರಿಯಲ್ಲಿ ನಡೆಯೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತೆ, ಅಂಗೈ ಅಗಲ ಇರುತ್ತೆ. ನನ್ನ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತೆ. ಮೊದಲು ಎಲ್ಲರೂ ನಕ್ಕರು. ರಾತ್ರಿ ಮಲಗೋವಾಗ ಆ ನಕ್ಕವರೇ "ಅದನ್ನ ಆನ್ ಮಾಡಿದ್ಯಾ?" ಅಂತ ಕೇಳಿದ್ರು.

ಬೆಚ್ಚಗೆ ಮಲಗೋಕೆ ಬೇರೆ ಉಪಾಯ ಇದೆ. ಒಳ್ಳೇ ಬಾಟಲಿಗೆ ಬಿಸಿನೀರು ತುಂಬಿ ಕಾಲ ಹತ್ರ ಇಟ್ಕೊಳ್ಳೋದು, ಬೆಳಿಗ್ಗೆ ಅದೇ ಕುಡಿಯೋ ನೀರು. ನಡೆದ ಬಟ್ಟೆಯಲ್ಲಿ ಮಲಗಬೇಡಿ, ಬೆವರು ಒಳಗೇ ಇರುತ್ತೆ. ಒಣ ಕಾಲುಚೀಲ, ಒಣ ಥರ್ಮಲ್ ಮಲಗೋಕೆ ಅಂತಲೇ ಬೇರೆ ಇಡಿ. ಹೊಟ್ಟೆ ತುಂಬಾ ಊಟ ಮಾಡಿ. ಕುಡಿಯೋದು ಬೇಡ, ಬ್ರಾಂಡಿಯಿಂದ ಬಿಸಿ ಆಗುತ್ತೆ ಅನ್ನೋದು ಚರ್ಮಕ್ಕೆ ಅನ್ಸೋದು ಮಾತ್ರ, ಒಳಗಿನ ಶಾಖ ಹೊರಗೆ ಹೋಗ್ತಾ ಇರುತ್ತೆ. ಫೋನು, ಪವರ್ ಬ್ಯಾಂಕು, ಟಾರ್ಚಿನ ಬ್ಯಾಟರಿ ಎಲ್ಲ ರಜಾಯಿ ಒಳಗೆ. ಚಳಿಗೆ ಬ್ಯಾಟರಿ ದಡಕ್ಕನೆ ಇಳಿಯುತ್ತೆ. ರಾತ್ರಿ ಹೊರಗೆ ಹೋಗಬೇಕಾಗುತ್ತೆ, ಟಾಯ್ಲೆಟ್ ಕೆಲವು ಕಡೆ ಅಂಗಳ ದಾಟಿ ಇರುತ್ತೆ. ಟಾರ್ಚು, ಟೋಪಿ, ಷೂ ಕೈಗೆ ಸಿಗೋ ಹಾಗೆ ಇಟ್ಕೊಂಡು ಮಲಗಿ. ಚಪ್ಪಲಿಯಲ್ಲಿ ಹೋಗಿ ಜಾರಿ ಬಿದ್ದು ಕೈ ಮುರ್ಕೊಂಡ್ರೆ ಅದು ಎತ್ತರದ ಕಾಯಿಲೆಗಿಂತ ಏನು ಕಡಿಮೆ?

ಜಾರೋದು ಅಂದೆ. ಕನ್ನಡದಲ್ಲಿ ನಮಗೆ ಮಂಜು ಅಂದ್ರೆ ಎಲ್ಲವೂ ಮಂಜೇ. ಮಡಿಕೇರಿಯಲ್ಲಿ ಬೆಳಿಗ್ಗೆ ಕವಿಯೋದೂ ಮಂಜು, ಫ್ರಿಜ್ಜಿನಲ್ಲಿರೋದೂ ಮಂಜುಗಡ್ಡೆ, ಹಿಮಾಲಯದಲ್ಲಿ ಬೀಳೋದೂ ಮಂಜು. ನಡೆಯೋ ಕಾಲಿಗೆ ಅವೆಲ್ಲ ಬೇರೆ ಬೇರೆ. ಈಗಷ್ಟೇ ಬಿದ್ದ ಹಿಮ ಹತ್ತಿಯ ಹಾಗೆ, ಕಾಲು ಹೂತುಹೋಗುತ್ತೆ, ಸುಸ್ತಾಗುತ್ತೆ, ಆದ್ರೆ ಅಷ್ಟು ಜಾರಲ್ಲ. ಗಾಡಿ ಓಡಾಡಿ ತುಳಿದು ರಾತ್ರಿ ಗಟ್ಟಿಯಾದ ಹಿಮ ಗಾಜು. ಇನ್ನೊಂದು ಇದೆ, ಕಾಂಕ್ರೀಟ್ ರಸ್ತೆ ಮೇಲೆ ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟಿರುತ್ತೆ, ಕಣ್ಣಿಗೆ ಕಾಣೋದೇ ಇಲ್ಲ, ಒದ್ದೆ ರಸ್ತೆ ಅನ್ಸುತ್ತೆ. ಅದರ ಮೇಲೇ ಜನ ಜಾಸ್ತಿ ಬೀಳೋದು, ಬೆಳಿಗ್ಗೆ ಸೂರ್ಯೋದಯ ನೋಡೋ ಅವಸರದಲ್ಲಿ. ಷೂಗೆ ಹಾಕೋ ಮೈಕ್ರೋಸ್ಪೈಕ್ ತಗೊಂಡು ಹೋಗಿ, ಮನೆಯಲ್ಲೇ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ. ಗ್ಲೌಸ್ ಹಾಕ್ಕೊಂಡು ಅದನ್ನ ಹಾಕೋಕೆ ಬರಬೇಕು.

ಕಾಲಿಪೋಖ್ರಿ ದಾಟಿದ ಮೇಲೆ ಬಿಕೇಭಂಜಂಗ್ ಅಂತ ಬರುತ್ತೆ, ಅಲ್ಲಿಂದ ಸಂದಕ್‌ಫುವರೆಗೆ ಕಡಿದಾದ ಏರು. ಹಿಮ ಇಲ್ಲದಾಗ ಕಾಲಿಪೋಖ್ರಿಯಿಂದ ಮೂರು ಗಂಟೆಯ ದಾರಿ. ಹಿಮ ಇದ್ರೆ ಅದರ ಎರಡರಷ್ಟು ಹಿಡಿಯುತ್ತೆ ಅಂತ ಲೆಕ್ಕ ಹಾಕಿ. ಬೇಗ ಮುಟ್ಟಿದ್ರೆ ನಷ್ಟ ಇಲ್ಲ.

ಲೆಕ್ಕ ಹಾಕೋವಾಗ ಸೂರ್ಯ ಎಲ್ಲಿ ಮುಳುಗ್ತಾನೆ ನೋಡ್ಕೊಳ್ಳಿ. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ. ಡಿಸೆಂಬರಿನಲ್ಲಿ ಮುಂಬೈನಲ್ಲಿ ಸಂಜೆ ಆರರವರೆಗೂ ಬಿಸಿಲಿರುತ್ತೆ, ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಡಾರ್ಜಿಲಿಂಗ್ ಕಡೆ ಮುಕ್ಕಾಲು ಐದಕ್ಕೇ ಸೂರ್ಯ ಮುಳುಗಿರ್ತಾನೆ. ಒಂದು ಗಂಟೆಗೂ ಜಾಸ್ತಿ ವ್ಯತ್ಯಾಸ. "ನಾಲ್ಕೂವರೆ ತಾನೇ, ಇನ್ನೂ ಬೆಳಕಿದೆ" ಅಂತ ನಮ್ಮ ಮೈ ಹೇಳುತ್ತೆ, ಅದು ಪುಣೆಯ ಗಡಿಯಾರ. ಸೂರ್ಯ ಇಳಿದ ಕೂಡಲೇ ಚಳಿ ಬಾಗಿಲು ಬಡಿದ ಹಾಗೆ ಬರುತ್ತೆ. ಮಧ್ಯಾಹ್ನ ಎರಡಕ್ಕೆ ಹಟ್ ಮುಟ್ಟೋ ಹಾಗೆ ಹೊರಡಿ. ಹನ್ನೆರಡಕ್ಕೆ ಅರ್ಧ ದಾರಿ ಆಗದಿದ್ರೆ ಹಿಂದಿನ ಹಟ್ಟಿಗೆ ತಿರುಗಿ. ಆ ಹನ್ನೆರಡನ್ನ ಬೆಳಿಗ್ಗೆಯೇ ಎಲ್ಲರ ಎದುರು ಜೋರಾಗಿ ಹೇಳಿ.

ಇನ್ನು ಬುಕಿಂಗ್. ಸರ್ಕಾರಿ ಟ್ರೆಕರ್ಸ್ ಹಟ್‌ಗಳು ಗೂರ್ಖಾಲ್ಯಾಂಡ್ ಟೆರಿಟೋರಿಯಲ್ ಅಡ್ಮಿನಿಸ್ಟ್ರೇಷನ್ ಕಡೆಯವು, ಖಾಸಗಿ ಲಾಡ್ಜ್‌ಗಳೂ ಇವೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಎಲ್ಲ ತುಂಬಿರುತ್ತೆ. ಪರದೆ ಮೇಲೆ "ಕನ್‌ಫರ್ಮ್ಡ್" ಅಂತ ಬಂದ್ರೆ ನಾವು ನಂಬಿಬಿಡ್ತೀವಿ, ವೃತ್ತಿಯ ಚಾಳಿ. ಹೊರಡೋ ಎರಡು ದಿನ ಮೊದಲು ಫೋನ್ ಮಾಡಿ ಮನುಷ್ಯರ ಹತ್ರ ಮಾತಾಡಿ: ಚೌಕೀದಾರ್ ಇದ್ದಾರಾ, ಊಟ ಇದೆಯಾ, ಎಷ್ಟು ರಜಾಯಿ, ನೀರಿನ ಪೈಪ್ ಹೆಪ್ಪುಗಟ್ಟಿದೆಯಾ, ರಸ್ತೆ ಹೇಗಿದೆ. ಬೀಗ ಹಾಕಿದ ಹಟ್ಟಿನ ಮುಂದೆ ಸಂಜೆ ಐದಕ್ಕೆ ನಿಂತ್ಕೊಂಡು ಕನ್‌ಫರ್ಮೇಷನ್ ಮೇಲ್ ತೋರಿಸಿದ್ರೆ ಬೀಗ ತೆಗೆಯಲ್ಲ. ಗೈಡ್ ಮಾನೇಭಂಜಂಗ್‌ನಲ್ಲಿ ಕಡ್ಡಾಯ. ಅದನ್ನ ಖರ್ಚು ಅಂತ ನೋಡಬೇಡಿ. ಹವೆ, ರಸ್ತೆ, ಯಾವ ಹಟ್ಟು ತೆರೆದಿದೆ, ಯಾರ ಗಾಡಿ ಎಲ್ಲಿದೆ, ಎಲ್ಲ ಅವರ ತಲೆಯಲ್ಲಿರುತ್ತೆ.

ಇಳಿಯೋಕೆ ಎರಡು ದಾರಿ. ಬಂದ ರಸ್ತೆಯಲ್ಲೇ ವಾಪಸ್, ಇಲ್ಲ ಗುರ್ದುಂ ಮೇಲಿಂದ ಶ್ರೀಖೋಲಾ. ಶ್ರೀಖೋಲಾ ದಾರಿ ಕಾಡಿನೊಳಗೆ, ಚೆನ್ನಾಗಿದೆ, ಒಂದೇ ದಿನ 1,500 ಮೀಟರಿಗೂ ಹೆಚ್ಚು ಇಳಿತ. ಮಂಡಿ ಗಟ್ಟಿ ಇಲ್ಲದೋರು ಗುರ್ದುಂನಲ್ಲಿ ನಿಂತು ಮಾರನೇ ದಿನ ಇಳೀರಿ. ಮರದ ನೆರಳಲ್ಲಿ ಹಿಮ ಗಟ್ಟಿಯಾಗಿದ್ರೆ ಗೈಡ್ ರಸ್ತೆಯಲ್ಲೇ ಹೋಗೋಣ ಅಂತಾರೆ, ಆಗ ವಾದ ಬೇಡ.

ವಿಮಾನಕ್ಕೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸ್ಟವ್ವಿನ ಗ್ಯಾಸ್ ಡಬ್ಬಿ ಎಲ್ಲೂ ಒಯ್ಯೋ ಹಾಗಿಲ್ಲ. ಗಡಿ ಅಂದೆನಲ್ಲ, ಈ ದಾರಿ ನೇಪಾಳದೊಳಗೆ ಹೋಗಿ ಹೋಗಿ ಬರುತ್ತೆ, ತುಮ್ಲಿಂಗ್ ನೇಪಾಳದ ಕಡೆಯೇ ಇದೆ. ಸಶಸ್ತ್ರ ಸೀಮಾ ಬಲದವರು ಗುರುತಿನ ಚೀಟಿ ಕೇಳ್ತಾರೆ. ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಅಸಲಿ ಇಟ್ಕೊಳ್ಳಿ, ಫೋನಿನಲ್ಲಿರೋ ಫೋಟೋ ಸಾಲದು. ಇನ್ಶೂರೆನ್ಸ್ ಇದೆ ಅಂತ ನಿಶ್ಚಿಂತೆಯಿಂದ ಇರೋರು ಪಾಲಿಸಿಯಲ್ಲಿ ಟ್ರೆಕ್ಕಿಂಗ್ ಸೇರಿದೆಯಾ, ಎಷ್ಟು ಮೀಟರ್ ಎತ್ತರದವರೆಗೆ ಅಂತ ಒಂದು ಸಲ ಓದ್ಕೊಳ್ಳಿ. ವಾಪಸ್ ಟಿಕೆಟ್ ಭಾನುವಾರ ರಾತ್ರಿದು ಮಾಡಿ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಇಟ್ಕೊಂಡ್ರೆ ಬೆಟ್ಟದ ಮೇಲೆ ಎಲ್ಲ ತೀರ್ಮಾನವನ್ನ ಆ ಟಿಕೆಟ್ಟೇ ಮಾಡುತ್ತೆ. ಸೋಮವಾರವೂ ರಜೆ ಹಾಕಿ. ಅಷ್ಟು ರಜೆ ಇಲ್ಲ ಅಂದ್ರೆ ಈ ವರ್ಷ ತುಮ್ಲಿಂಗ್‌ವರೆಗೆ ಹೋಗಿ ಬನ್ನಿ. ಅಲ್ಲಿಂದಲೂ ಕಾಂಚನಜುಂಗಾ ಕಾಣುತ್ತೆ, ನಾನು ಸುಳ್ಳು ಹೇಳ್ತಿಲ್ಲ.

ಹೊರಡೋ ಹಿಂದಿನ ದಿನ ಒಂದು ಹಾಳೆ ಬರೀರಿ. ಯಾವ ರಾತ್ರಿ ಎಲ್ಲಿ, ಅಲ್ಲಿನ ಫೋನ್ ನಂಬರ್, ಗೈಡ್ ನಂಬರ್, ಜೊತೆಯವರ ಮನೆಯವರ ನಂಬರ್, ಯಾರಿಗೆ ಯಾವ ಔಷಧಿ ಅಲರ್ಜಿ. ಅದನ್ನ ಮನೆಯಲ್ಲಿ ಒಬ್ಬರಿಗೆ ಕೊಡಿ. ಅಮ್ಮನಿಗೆ ಕೊಟ್ರೆ ಮೊದಲ ದಿನ ಸಂಜೆಯಿಂದಲೇ ಫೋನ್ ಮಾಡ್ತಾರೆ, ತಮ್ಮನಿಗೋ ಭಾವನಿಗೋ ಕೊಡಿ. ಯಾವ ದಿನ, ಎಷ್ಟು ಗಂಟೆಯೊಳಗೆ ನಮ್ಮಿಂದ ಫೋನ್ ಬರದಿದ್ರೆ ಅವರು ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ಅದರಲ್ಲೇ ಬರೆದಿರಲಿ. ಆ ಗಂಟೆಯ ಮುಂದೆ "ಭಾರತದ ಸಮಯ" ಅಂತ ಸೇರಿಸಿ. ತುಮ್ಲಿಂಗ್ ದಾಟುವಾಗ ಫೋನು ನೇಪಾಳದ ಟವರ್ ಹಿಡ್ಕೊಂಡು ಗಡಿಯಾರವನ್ನ ಹದಿನೈದು ನಿಮಿಷ ಮುಂದೆ ಮಾಡಿಬಿಡುತ್ತೆ.